ಮೂಗಿನ ಮಿಸ್ತ್ರಿ

ಬೈಲಹೊಂಗಲದ ನನ್ನ ಗ್ಯಾರೇಜಿನ ಮುಂದೆ ಕುಳಿತು ನಾನೊಮ್ಮೆ ಮೂಗು ಎತ್ತಿದೆನೆಂದರೆ, ರಾಮದುರ್ಗದಲ್ಲಿ ಮಲಪ್ರಭೆಯ ಸೇತುವೆ ದಾಟುತ್ತಿರುವ ಲಾರಿಯ ಯಾವ ಬೇರಿಂಗು ಕಾದಿದೆ, ಅದರ ಡ್ರೈವರು ಬೆಳಿಗ್ಗೆ ಉಂಡದ್ದು ಜೋಳದ ರೊಟ್ಟಿಯೋ ಸಜ್ಜೆ ರೊಟ್ಟಿಯೋ, ಪಲ್ಯಕ್ಕೆ ಉಪ್ಪು ಬಿದ್ದಿತ್ತೋ ಇಲ್ಲವೋ, ಎಲ್ಲ ಹೇಳಿಬಿಡುತ್ತಿದ್ದೆ. ಎದುರು ಗಾಳಿ ಇದ್ದರೆ ಮಾತ್ರ ಲಾರಿಯ ನಂಬರಿನ ಕೊನೆಯ ಅಂಕಿ ಸ್ವಲ್ಪ ಮಸುಕಾಗುತ್ತಿತ್ತು. ಅದು ಗಾಳಿಯ ತಪ್ಪು, ಮೂಗಿನದಲ್ಲ.

ಇಂಥ ಮೂಗು ಇದ್ದವನಿಗೆ ಉಳಿದ ಮಿಸ್ತ್ರಿಗಳನ್ನು ಕಂಡರೆ ಹೇಗಾಗಬೇಡ, ನೀವೇ ಹೇಳಿ. ಸವದತ್ತಿಯಲ್ಲಿ ಸುಭಾಸ ಅಂತ ಒಬ್ಬನಿದ್ದ. ಗಾಡಿ ಬಂದರೆ ಬಾನೆಟ್ಟು ಎತ್ತಿ, ಕೈಬ್ಯಾಟರಿಯ ಬೆಳಕು ಹಾಕಿ, ಒಳಗೆ ಇಣುಕಿ ನೋಡುತ್ತಿದ್ದ! ನಾಚಿಕೆ ಬೇಡವೇ? ಎಂಜಿನ್ನಿನೊಳಗೆ ಇಣುಕುವುದೂ ಮಂದಿಯ ಮನೆಯ ಕಿಟಕಿಯಲ್ಲಿ ಇಣುಕುವುದೂ ಒಂದೇ. ಕಿತ್ತೂರಿನಲ್ಲಿ ಇನ್ನೊಬ್ಬ, ಗೋಡೆಗೆ ಸರ್ಟಿಫಿಕೇಟು ಹೊಡೆದು ಅದರ ಕೆಳಗೆ ಮಲಗುತ್ತಿದ್ದ. ಅವನು ಬಿಚ್ಚಿದ ಗಾಡಿಯನ್ನು ಮತ್ತೆ ಜೋಡಿಸಿದ ಮೇಲೆ ಉಳಿದ ನಟ್ಟು ಬೋಲ್ಟುಗಳಲ್ಲಿ ಇನ್ನೊಂದು ಗಾಡಿ ಆಗುತ್ತಿತ್ತು. ರಾಮದುರ್ಗದವರ ಬಗ್ಗೆ ನಾನು ಬಾಯಿ ಬಿಡುವುದಿಲ್ಲ. ಪಾಪ, ಅವರಿಗೂ ಮಕ್ಕಳು ಮರಿ ಇರುತ್ತವೆ.

ನನ್ನ ಪದ್ಧತಿಯೇ ಬೇರೆ. ಗಿರಾಕಿ ಬಂದ ಕೂಡಲೇ ಮೂಗು ತೋರಿಸುತ್ತಿರಲಿಲ್ಲ. ಮೊದಲು ಅವನಿಗೇ ಪರೀಕ್ಷೆ. "ಎಂಥಾ ವಾಸ್ನಿ ಬರತೈತಿ? ರಬ್ಬರ ಸುಟ್ಟಂಗೋ, ಕೂದಲ ಸುಟ್ಟಂಗೋ?" ಎಂದು ಕೇಳುತ್ತಿದ್ದೆ. ರಬ್ಬರು ಅಂದನೋ, ನಾನು ಕಣ್ಣು ಮುಚ್ಚಿ, ಎದೆ ತುಂಬ ಉಸಿರೆಳೆದು, "ಫ್ಯಾನ್ ಬೆಲ್ಟು" ಅನ್ನುತ್ತಿದ್ದೆ. ಕೂದಲು ಅಂದರೆ "ಕ್ಲಚ್ ಪ್ಲೇಟು." ಗಿರಾಕಿ ಬಾಯಿ ತೆರೆದು ನೋಡುತ್ತ ನಿಲ್ಲುತ್ತಿದ್ದ. ಎದುರಿನ ಚಹಾದಂಗಡಿಯ ಕೃಷ್ಣವ್ವ, "ನಮ್ಮ ಮಿಸ್ತ್ರೀದು ಮೂಗಲ್ಲ, ಮಷೀನ" ಅನ್ನುತ್ತಿದ್ದಳು. ಆ ಮಾತೊಂದು ನಿಜ. ಉಳಿದಂತೆ ಆಕೆಯ ಚಹಾ, ಆಕೆಯ ಮಾತು ಎರಡರಲ್ಲೂ ನೀರೇ ಹೆಚ್ಚು.

ಎರಡು ಸಾವಿರದ ನಾಲ್ಕನೆಯ ಇಸವಿ ಇರಬೇಕು, ಮಳೆಗಾಲ ಮುಗಿದು ಕುಸುಬಿ ಬಿತ್ತುವ ಹೊತ್ತು. ಸಂಪಗಾಂವದ ನಿಜಗುಣಪ್ಪ ಸಾವುಕಾರನ ಪಿಕಪ್ಪು ನನ್ನ ಬಾಗಿಲಿಗೆ ಬಂತು. ಈ ನಿಜಗುಣಪ್ಪ ಬೆಲ್ಲದ ವ್ಯಾಪಾರಿ. ಆದರೆ ಜೀವನದಲ್ಲಿ ಒಂದು ಸಿಹಿ ಮಾತು ಆಡಿದವನಲ್ಲ. ಸ್ಟಾಕು ಕಡಿಮೆಯಾದೀತು ಅಂತ ಅಂಜಿಕೆ. ಸಂಶಯದ ಮನುಷ್ಯ. ತನ್ನ ನೆರಳು ಹಿಂದೆ ಬಂದರೂ ನಿಂತು, ಯಾಕೆ ಬಂತು, ಯಾರು ಕಳಿಸಿದರು ಅಂತ ವಿಚಾರಿಸುವ ಆಸಾಮಿ. ಹಿಂದಿನ ವರ್ಷ ಎತ್ತು ಬಂಡಿ ಮಾರಿ ಈ ಪಿಕಪ್ಪು ಕೊಂಡಿದ್ದ.

ಕ್ಯಾಬಿನ್ನಿನಲ್ಲಿ ಅವನ ತಾಯಿ ಸಿದ್ದಲಿಂಗವ್ವ ಕುಳಿತಿದ್ದಳು. ರಾಮದುರ್ಗಕ್ಕೆ ಮಗಳ ಮನೆಗೆ ಹೊರಟವಳು. ಸ್ಟೇರಿಂಗಿನ ಹಿಂದೆ ಡ್ರೈವರ್ ಮಡಿವಾಳೆಪ್ಪ. ಮನೋಳಿಯವನು. ಇಂಥ ಮೆತ್ತಗಿನ ಡ್ರೈವರನ್ನು ನಾನು ಕಂಡಿಲ್ಲ. ರಸ್ತೆಗೆ ಎಮ್ಮೆ ಅಡ್ಡ ಬಂದರೆ ಹಾರನ್ ಹೊಡೆಯದೆ ಅದರ ಆಲೋಚನೆ ಮುಗಿಯುವವರೆಗೆ ಕಾಯುತ್ತಿದ್ದ. ಡ್ರೈವರನಾದವನ ಬಾಯಲ್ಲಿ ಒಂದು ಬೈಗಳವೂ ಇರದಿದ್ದರೆ ಅವನನ್ನು ಏನಂತ ಗೌರವಿಸುವುದು?

"ವಿರೂಪಾಕ್ಷ, ಗಾಡಿ ನಾತಾ ಹೊಡ್ಯಾಕ ಹತ್ತೇತಿ" ಎಂದ ನಿಜಗುಣಪ್ಪ, ಇಳಿಯುತ್ತಲೇ.

"ಎಂಥಾ ನಾತರಿ ಸಾವ್ಕಾರ್ರ?"

"ಎಣ್ಣಿ ಸುಟ್ಟ ನಾತ. ಸವದತ್ತಿ ಗುಡ್ಡದ ಏರ ಹತ್ತಿದ್ರ ಸಾಕು, ಒಳಗ ಕುಂಡ್ರಾಕ ಆಗೂದಿಲ್ಲ. ಅಮಾಸಿ ಆದ ಮ್ಯಾಲ ಭಾಳ ಜೋರ. ಆಮ್ಯಾಲ ಕಡಿಮಿ ಆಗತೈತಿ. ಮುಂದಿನ ಅಮಾಸಿಗೆ ಮತ್ತ ಸುರು."

ಇಲ್ಲೊಂದು ಮಾತು ಹೇಳಬೇಕು. ನಮ್ಮ ಕಸುಬಿನಲ್ಲಿ ಎಂಜಿನ್ನಿನ ಹೊಟ್ಟೆಯಲ್ಲಿ ಇರುವುದಕ್ಕೆ ಆಯಿಲ್ ಅನ್ನುತ್ತೇವೆ. ಎಣ್ಣೆ ಅಂದರೆ ಅಡುಗೆಮನೆಯದು. ಗಾಡಿ ಇಟ್ಟ ಮೇಲೂ ಈ ಬೆಲ್ಲದವನಿಗೆ ಅಷ್ಟು ವ್ಯತ್ಯಾಸ ತಿಳಿಯದಲ್ಲ ಎಂದು ಒಳಗೊಳಗೇ ನಕ್ಕು, ಅವನ 'ಎಣ್ಣಿ'ಯನ್ನು ನಾನೇ 'ಆಯಿಲ್' ಎಂದು ತಿದ್ದಿಕೊಂಡೆ. ದೊಡ್ಡವರು ಸಣ್ಣವರ ತಪ್ಪು ತಿದ್ದಬೇಕಲ್ಲ.

ನಿಜಗುಣಪ್ಪ ನನ್ನ ರಟ್ಟೆ ಹಿಡಿದು ಪಕ್ಕಕ್ಕೆ ಎಳೆದ. ಪಕ್ಕಕ್ಕೆ ಎಳೆದು ಊರಿಗೆಲ್ಲ ಕೇಳುವಂತೆ ಹೇಳಿದ:

"ಇದ ಈ ಮಡಿವಾಳೆಪ್ಪನ ಕೆಲಸ. ಅಮಾಸಿ ದಿನ ಪೂಜಿಗಿಂತ ಮೊದ್ಲ ಗಾಡಿ ತೊಳ್ಯಾಕ ಅಂತ ಹಳ್ಳಕ್ಕ ಒಯ್ತಾನ. ಅಲ್ಲಿ ಚಲೋ ಆಯಿಲ್ ತಗದ ಮಾರಿ, ಲಾರ್ಯಾಗಿಂದ ಇಳಿಸಿದ ಕರಿ ಆಯಿಲ್ ತುಂಬತಾನ. ನೀ ಮೂಗ ಹಚ್ಚಿ ಹೌದ ಅಂದಬಿಡು, ಇಲ್ಲೇ ಚಾವಿ ಕಸಗೊಂಡ ನನ್ನ ಹೇಣ್ತಿ ತಮ್ಮ ಬಸವಲಿಂಗಗ ಕೊಡ್ತೇನಿ."

ಮಡಿವಾಳೆಪ್ಪ ಇಳಿದು ಬಂದು ಕೈ ಕಟ್ಟಿ ನಿಂತ.

"ಮಿಸ್ತ್ರೀ, ಸರಿಯಾಗಿ ನೋಡ್ರಿ. ಮನಿಯಾಗ ಮಗಳ ಹಡ್ಯಾಕ ಬಂದಾಳ. ಆಯಿಲ್ ಕಳ್ಳ ಅಂತ ಹೆಸರ ಬಂದ್ರ ಈ ಸೀಮ್ಯಾಗ ಯಾರೂ ನನಗ ಸ್ಟೇರಿಂಗ್ ಮುಟ್ಟಸೂದಿಲ್ರಿ."

"ನೋಡೂದೇನ ಬಂತೋ? ಮೂಸತೇನಿ" ಎಂದೆ.

ಆದರೂ ಗಿರಾಕಿಯ ಸಮಾಧಾನಕ್ಕೆ ಬಾನೆಟ್ಟು ಎತ್ತಬೇಕಾಯಿತು. ಆಯಿಲ್ ಅಳೆಯುವ ಕಡ್ಡಿ ಎಳೆದು ನೋಡಿದೆ: ಗುರುತಿನವರೆಗೆ ತುಂಬಿತ್ತು. ಕೆಳಗೆ ಮಲಗಿ ನೋಡಿದೆ: ಎಂಜಿನ್ನಿನ ತಳ ಬಿಸಿಲಿಗೆ ಹಾಕಿದ ಹಪ್ಪಳದಂತೆ ಒಣಗಿತ್ತು. ಗಾಡಿ ಚಾಲೂ ಮಾಡಿಸಿ ಹಿಂದೆ ಹೋಗಿ ನಿಂತೆ: ಆಯಿಲ್ ಕುಡಿಯುವ ಎಂಜಿನ್ನಿನ ಹೊಗೆ ನೀಲಿ ಇರುತ್ತದೆ, ಇದರದು ನೀಲಿ ಇರಲಿಲ್ಲ. ಎಂಜಿನ್ನು ಆಯಿಲ್ ಸುಡುತ್ತಿಲ್ಲ ಅಂತ ಸವದತ್ತಿಯ ಸುಭಾಸ ಕೂಡ ಹೇಳಬಹುದಾಗಿತ್ತು, ಮಧ್ಯಾಹ್ನದ ಹೊತ್ತಿಗಾದರೂ.

ಮತ್ತೆ ಮುಂದೆ ಬಂದು ನೋಡಿದೆ. ಎಂಜಿನ್ನಿನ ತಲೆಯ ಮೇಲಿನ ಮುಚ್ಚಳ ಒದ್ದೆಯಾಗಿತ್ತು. ಅಲ್ಲಿಂದ ಎಣ್ಣೆಯಂಥದು ಸಣ್ಣಗೆ ಇಳಿದು, ಸೈಲೆನ್ಸರಿನ ಬಿಸಿ ಕೊಳವೆಯ ಮೇಲೆ ಬಿದ್ದು, ದೋಸೆಯ ಹಂಚಿನ ಮೇಲಿನ ಕಿಟ್ಟದ ಹಾಗೆ ಕಪ್ಪಾಗಿ ಕೂತಿತ್ತು. ರೋಗ ಸಿಕ್ಕಿತು. ಆಯಿಲ್ ಹೊರಬರದಂತೆ ಮುಚ್ಚಳದ ಕೆಳಗೆ ಕೂರಿಸುವ ರಬ್ಬರಿನ ಪ್ಯಾಕಿಂಗ್ ಸೋರುತ್ತಿದೆ, ಮತ್ತೇನು?

"ಪ್ಯಾಕಿಂಗ್ ಹೋಗೇತ್ರಿ" ಎಂದೆ.

"ಅದ ಇರ್ಲಿ. ಹೋಗಿದ್ದ ಯಾಕ? ಕರಿ ಆಯಿಲ್ ಹಾಕಿದ್ದಕ್ಕ ಹೌದೋ ಅಲ್ಲೋ? ಅದನ್ನ ಹೇಳು" ಎಂದು ನಿಜಗುಣಪ್ಪ ಪಟ್ಟು ಹಿಡಿದ.

ಅಷ್ಟರಲ್ಲಿ ಕೃಷ್ಣವ್ವನ ಅಂಗಡಿಯಲ್ಲಿ ಚಹಾ ಕುಡಿಯುತ್ತಿದ್ದವರೆಲ್ಲ ಬಸಿಯ ಸಮೇತ ರಸ್ತೆ ದಾಟಿ ಬಂದಿದ್ದರು. ಅಷ್ಟು ಮಂದಿಯ ಮುಂದೆ 'ಗೊತ್ತಿಲ್ಲ' ಅನ್ನುವುದು ನನ್ನಂಥವನಿಗೆ ಶೋಭಿಸುತ್ತದೆಯೇ? ಬಗ್ಗಿದೆ. ಕಣ್ಣು ಮುಚ್ಚಿದೆ. ಬೈಲಹೊಂಗಲದ ಗಾಳಿಯೆಲ್ಲ ಖಾಲಿಯಾಗುವಂತೆ ಉಸಿರೆಳೆದೆ. ಆ ಸೆಳೆತಕ್ಕೆ ಎದುರಿನ ಬೇವಿನ ಮರದ ಎಲೆ ಉದುರಿದವು ಅಂತ ಈಗಲೂ ಕೆಲವರು ಹೇಳುತ್ತಾರೆ. ನಾನು ಇಲ್ಲ ಅನ್ನುವುದಿಲ್ಲ.

"ಕರಿ ಆಯಿಲ್. ಲಾರೀದು. ರಾಮದುರ್ಗದ ಕಡೀ ಲಾರಿ. ಹತ್ತಿ ಹೇರಿತ್ತು" ಎಂದೆ.

ಮಂದಿ 'ಭಲೇ' ಅಂದರು. ಮಡಿವಾಳೆಪ್ಪನ ಮುಖ ಸಣ್ಣದಾಯಿತು.

"ಅಣ್ಣಾ, ಬಣ್ಣಾರ ನೋಡ್ರಿ. ಮ್ಯಾಲ ಬಿದ್ದದ್ದು ಹಳದಿ ಐತಿ. ಕರಿ ಆಯಿಲ್ ಹಳದಿ ಹೆಂಗ ಇರತೈತ್ರಿ?"

"ಬಣ್ಣ ನೋಡಿ ಹೇಳೂದು ಸೀರಿ ಅಂಗಡ್ಯಾವ್ರ ಕೆಲಸ. ನನ್ನ ಮುಂದ ಶ್ಯಾಣ್ಯಾ ಆಗಬ್ಯಾಡ" ಎಂದೆ.

ನಿಜಗುಣಪ್ಪ ಕೈ ಚಾಚಿದ. ಮಡಿವಾಳೆಪ್ಪ ಜೇಬಿನಿಂದ ಚಾವಿ ತೆಗೆದು ಕೊಟ್ಟ. ಜಗಳ ಆಡಬಾರದೇ? ನನಗಾದರೂ ಬಯ್ಯಬಾರದೇ? ಕೆಲಸ ಹೋಗುವಾಗಲೂ ಎಮ್ಮೆಗೆ ದಾರಿ ಬಿಡುವವನ ಹಾಗೆಯೇ ನಿಂತ. ಅಂಥವರನ್ನು ಕಂಡರೆ ನನಗೆ ಏನೋ ಕಿರಿಕಿರಿ. ಕನಿಕರ ಅಂತ ತಿಳಿಯಬೇಡಿ, ತಿರಸ್ಕಾರ.

ನಾನು ಮುಚ್ಚಳ ಬಿಚ್ಚಿದೆ. ಒಳಗಿನ ಪ್ಯಾಕಿಂಗ್ ನಿನ್ನೆ ಹಾಕಿದ ಹಾಗೆ ಹೊಸದಾಗಿತ್ತು. ಒಂದು ಸೀಳು ಇಲ್ಲ, ಸವೆತ ಇಲ್ಲ. ಅದನ್ನು ಯಾರೂ ನೋಡುವ ಮೊದಲು ಜೇಬಿಗೆ ಸೇರಿಸಿ, ಬೇರೊಂದು ಕೂರಿಸಿ, ಬೋಲ್ಟು ಬಿಗಿದೆ. ಹಳೆಯ ಬನಿಯನ್ನಿನ ತುಂಡಿನಿಂದ ಮೇಲೆಲ್ಲ ಒರೆಸಿದೆ.

ಸಿದ್ದಲಿಂಗವ್ವ ಆಗಲೇ ಕೆಳಗಿಳಿದು ಒಂದು ಹಳೆಯ ಟಾಯರಿನ ಮೇಲೆ ಕುಳಿತಿದ್ದಳು. ಎರಡು ಸಲ "ಏನಾತೋ ನಿಜಗುಣಾ?" ಅಂತ ಕೇಳಿದ್ದಳು. "ಆಯಿಲ್ ಸುದ್ದಿ ಯವ್ವಾ, ನಿನಗ ತಿಳಿಯೂದಿಲ್ಲ" ಎಂದು ಮಗ ಬಾಯಿ ಮುಚ್ಚಿಸಿದ್ದ. ಆಯಿಲ್ ಅಂದರೆ ಯಾವುದೋ ಊರೋ, ಯಾವುದೋ ರೋಗವೋ ಅಂತ ಆಕೆ ಸುಮ್ಮನಿದ್ದಳು. ಈಗ ನಿಜಗುಣಪ್ಪ ಚಾವಿಯನ್ನು ಅಂಗಿಯ ಜೇಬಿಗೆ ಹಾಕಿಕೊಳ್ಳುತ್ತ ಮಡಿವಾಳೆಪ್ಪನ ಕಡೆ ತಿರುಗಿ ಕೂಗಿದ:

"ಗಾಡಿಗೆ ಎಣ್ಣಿ ಹಾಕೋ ಅಂದ್ರ ಎಣ್ಣಿ ಕದ್ದ ಮಾರತಿ ಏನಲೇ?"

"ಯಾವ ಎಣ್ಣಿ?" ಎಂದಳು ಮುದುಕಿ. "ಗಾಡಿಗೆ ಎಣ್ಣಿ ನಾ ಹಾಕತೇನಲ್ಲೋ."

ಎಲ್ಲರೂ ಆಕೆಯ ಕಡೆ ತಿರುಗಿದರು.

"ನೀ ಯಾಕ ಹಾಕತಿ ಯವ್ವಾ?"

"ಬಂಡಿ ಇದ್ದಾಗ ಅಚ್ಚಿಗೆ ಎಣ್ಣಿ ಬಿಡತಿರ್ಲಿಲ್ಲೇನ? ಬಂಡಿ ಮಾರಿದಿ, ಪದ್ಧತಿ ಮಾರಾಕ ಬರತೈತೇನ? ಅಮಾಸಿ ಪೂಜಿಗೆ ಈ ಮಡಿವಾಳೆಪ್ಪ ಇದರ ಮುಂದಿನ ಬಾಯಿ ಮ್ಯಾಲೆತ್ತಿ ನಿಲ್ಲಸತಾನ. ಕಾಯಿ ಒಡದ, ಮಂದಿಗೆ ಹೋಳ ಕೊಡಾಕ ಆ ಕಡೆ ಹೊಕ್ಕಾನ. ಇದರ ಅಚ್ಚ ಒಳಗ ಎಲ್ಲೈತೋ, ನನಗೇನ ಗೊತ್ತ? ಮ್ಯಾಲಿಂದ ತಲಿಗೇ ಒಂದ ವಾಟಗಾ ಎರದಬಿಡತೇನಿ. ಇಳಕೋತ ಹೋಗಿ ಎಲ್ಲಿ ಮುಟ್ಟಬೇಕೋ ಮುಟ್ಟತೈತಿ. ಗಾಣದ ಕುಸುಬಿ ಎಣ್ಣಿ, ಮತ್ತ! ಅಂಗಡೀದಲ್ಲ."

ಚಹಾದವರು ನಗತೊಡಗಿದರು. ನಿಜಗುಣಪ್ಪನಿಗೆ ನಾಚಿಕೆಯೋ ಸಿಟ್ಟೋ, ಕಿವಿ ಕೆಂಪಾಯಿತು. ತಾಯಿ ಅಷ್ಟು ತಿಂಗಳಿನಿಂದ ಎಂಜಿನ್ನಿಗೆ ತಲೆಗೆ ಎರೆಯುತ್ತಿದ್ದಾಳೆ ಎಂದು ಮಂದಿಯ ಮುಂದೆ ಒಪ್ಪಿಕೊಳ್ಳುವುದಕ್ಕಿಂತ ಡ್ರೈವರ್ ಕಳ್ಳ ಅನ್ನುವುದೇ ಅವನಿಗೆ ಹಗುರ. ಆದರೂ ತಾಯಿ. ಅವನು ನನ್ನ ಕಡೆ ತಿರುಗಿದ.

"ವಿರೂಪಾಕ್ಷ, ನೀ ಹೇಳಪಾ. ಅದ ಕುಸುಬಿ ಎಣ್ಣೀನೋ, ಲಾರಿ ಆಯಿಲ್ಲೋ? ಸುಟ್ಟ ಮ್ಯಾಲ ನನಗಂತೂ ತಿಳಿಯೂದಿಲ್ಲ. ನಿನ್ನ ಮೂಗ ಅಂದದ್ದ ಕಡೀ ಮಾತ."

ಈಗ ಸತ್ಯ ನನಗೆ ನೀರಿನಷ್ಟು ತಿಳಿಯಾಗಿತ್ತು. ಹಳದಿ ಬಣ್ಣ, ತುಂಬಿದ ಕಡ್ಡಿ, ಹೊಸ ಪ್ಯಾಕಿಂಗ್, ಅಮಾವಾಸ್ಯೆಯ ಲೆಕ್ಕ, ಎಲ್ಲ ಮುದುಕಿಯ ವಾಟಗದ ಬಟ್ಟಲೊಳಗೆ ಬಂದು ಬಿದ್ದಿದ್ದವು. ಮಡಿವಾಳೆಪ್ಪ ನನ್ನನ್ನೇ ನೋಡುತ್ತಿದ್ದ. 'ಕುಸುಬಿ' ಎಂಬ ಮೂರು ಅಕ್ಷರ ಅಂದರೆ ಅವನ ಕೆಲಸ ಉಳಿಯುತ್ತಿತ್ತು. ಆದರೆ ಹತ್ತಿ ಹೇರಿದ ಲಾರಿಯನ್ನು ಈಗಷ್ಟೇ ರಾಮದುರ್ಗದಿಂದ ಕರೆಸಿದ ಮೂಗು ಅಡುಗೆಮನೆಯ ಎಣ್ಣೆಗೆ ಸೋಲುವುದೇ? ಅದೂ ಚಹಾ ಬಸಿ ಹಿಡಿದ ಆ ಕೆಲಸಗೇಡಿಗಳ ಮುಂದೆ?

"ಹಿರ್ಯಾರು ಹಾಕಿರಬಹುದ್ರಿ, ನಾ ಇಲ್ಲ ಅನ್ನೂದಿಲ್ಲ. ಆದ್ರ ನಾತ ಲಾರಿ ಆಯಿಲ್ಲಿಂದ. ಬೇಕಂದ್ರ ಈಗ ಗಾಡಿ ಚಾಲೂ ಮಾಡ್ರಿ. ಪ್ಯಾಕಿಂಗ್ ಬದಲ ಮಾಡೇನಿ, ಒಂದ ಹನಿ ವಾಸ್ನಿ ಬಂದ್ರ ನನ್ನ ಮೂಗ ಕೊಯ್ಯರಿ."

ನಿಜಗುಣಪ್ಪನೇ ಹತ್ತಿ ಚಾವಿ ತಿರುಗಿಸಿ, ಎಂಜಿನ್ನು ಗುಂಯ್ ಅನ್ನುವಂತೆ ಕಾಲು ಒತ್ತಿ ಹಿಡಿದ. ನಾನು ಬಾನೆಟ್ಟಿಗೆ ಬೆನ್ನು ಕೊಟ್ಟು, ಸೊಂಟದ ಮೇಲೆ ಕೈಯಿಟ್ಟು, ಕಣ್ಣು ಮುಚ್ಚಿ, ಮಂದಿಯ ಕಡೆ ಮುಖ ಮಾಡಿ ನಿಂತೆ. ಕಾಲ ಹೋಯಿತು. ಜನ ಕೆಮ್ಮತೊಡಗಿದರು. ನನ್ನ ಪ್ರತಾಪಕ್ಕೆ ಗಂಟಲು ಕಟ್ಟಿರಬೇಕು ಅಂದುಕೊಂಡೆ.

"ಹೆಂಗ್ರಿ? ಏನರ ವಾಸ್ನಿ ಐತೇನ್ರಿ?" ಎಂದು ಇನ್ನೊಮ್ಮೆ ಎದೆ ತುಂಬ ಎಳೆದುಕೊಂಡೆ. "ಮಲ್ಲಿಗಿ ತೋಟದಾಗ ನಿಂತಂಗ ಆಗೇತಿ!"

"ಏ ಮಿಸ್ತ್ರೀ!" ಎಂದು ಕೃಷ್ಣವ್ವ ರಸ್ತೆಯಾಚೆಯಿಂದ ಕೂಗಿದಳು. "ಅಲ್ಲಿ ಏನ ಹೆಣಾ ಸುಡಾಕ ಹತ್ತೀರೇನೋ? ನನ್ನ ಹಾಲ ಕೆಟ್ಟಾವು!"

ಕಣ್ಣು ತೆರೆದೆ. ಎದುರಿಗಿದ್ದವರೆಲ್ಲ ಮೂಗಿಗೆ ಟವೆಲ್ಲು ಒತ್ತಿದ್ದರು. ತಿರುಗಿ ನೋಡಿದೆ. ನಾನು ಒರೆಸಿದ ಬನಿಯನ್ನಿನ ತುಂಡು, ಕುಸುಬಿ ಎಣ್ಣೆ ಕುಡಿದದ್ದು, ಸೈಲೆನ್ಸರಿನ ಕೊಳವೆಯ ಮೇಲೇ ಉಳಿದುಬಿಟ್ಟಿತ್ತು. ಅದು ಸುಟ್ಟು ಕರಕಾಗಿ, ದಟ್ಟ ಹೊಗೆ ಎದ್ದು, ಅಂಚಿಗೆ ಬೆಂಕಿ ಹತ್ತಿತ್ತು. ನಾನು ಬೆರಗಾಗಿ ನಿಂತೇ ಇದ್ದೆ. ಮಡಿವಾಳೆಪ್ಪ ನನ್ನನ್ನು ಪಕ್ಕಕ್ಕೆ ಸರಿಸಿ, ನನ್ನದೇ ಇಕ್ಕಳದಿಂದ ಅದನ್ನು ಹಿಡಿದೆಳೆದು ನೆಲಕ್ಕೆ ಒಗೆದು ತುಳಿದ. ತನ್ನಿಂದ ಚಾವಿ ಕಸಿದುಕೊಂಡವನ ಗಾಡಿಯನ್ನು ಉಳಿಸುತ್ತಾನಲ್ಲ, ಇವನಿಗೆ ಏನನ್ನಬೇಕು?

ನಿಜಗುಣಪ್ಪ ಕೆಮ್ಮುತ್ತ ಇಳಿದು ಬಂದ. ಅವನಿಗಿಂತ ಮೊದಲು ಸಿದ್ದಲಿಂಗವ್ವ ಎದ್ದು ನನ್ನ ಮುಂದೆ ಬಂದು ನಿಂತಿದ್ದಳು.

"ತಮ್ಮಾ, ಕುಂಡಿ ಹಿಂದ ಅರಬಿ ತುಂಡ ಸುಟ್ಟ ವಾಸ್ನಿ ನಿನಗ ಬರಲಿಲ್ಲಾ?"

"ಇವತ್ತ ಸ್ವಲ್ಪ ನೆಗಡಿ ಐತಿ, ಆಯಿ."

"ನೆಗಡ್ಯಾಗ ರಾಮದುರ್ಗದ ಲಾರಿ ಬಂತು, ಮಲ್ಲಿಗಿ ಬಂತು, ಅರಬಿ ಬರಲಿಲ್ಲ. ಭಾಳ ಶ್ಯಾಣ್ಯಾ ನೆಗಡಿ ಐತಿ ಬಿಡು. ಕಣ್ಣ ಮುಚ್ಚು."

"ಯಾಕ ಆಯಿ?"

"ಮುಚ್ಚೋ ಅಂದ್ರ!"

ಮುಚ್ಚಿದೆ. ಆಕೆ ಸರಿದಾಡಿದ ಸದ್ದು ಕೇಳಿತು. ಆಮೇಲೆ ನನ್ನ ಮೂಗಿನ ಕೆಳಗೆ ಒಂದು ಒದ್ದೆ ಬೆರಳು, ಅದರ ಪಕ್ಕದಲ್ಲಿ ಇನ್ನೊಂದು ಕೈಯ ಬೆರಳು.

"ಒಂದರಾಗ ಕುಸುಬಿ ಎಣ್ಣಿ ಐತಿ, ಒಂದರಾಗ ನಿನ್ನ ಡಬ್ಬೀದು ಕರಿ ಆಯಿಲ್. ಯಾವುದ ಯಾವುದು ಹೇಳು."

ನನ್ನ ಜೀವ ಹೂವಿನಂತಾಯಿತು. ಎರಡರಲ್ಲಿ ಒಂದು ತಾನೇ? ಮುದುಕಿಯರು ಎಣ್ಣೆಯನ್ನು ಬಲಗೈಯಲ್ಲೇ ಮುಟ್ಟುತ್ತಾರೆ, ಕರಿ ಹೊಲಸನ್ನು ಎಡಗೈಯಲ್ಲಿ. ಇಷ್ಟು ತರ್ಕ ಕಿತ್ತೂರಿನ ಸರ್ಟಿಫಿಕೇಟಿನವನ ತಲೆಗೆ ಹೊಳೆಯುತ್ತಿತ್ತೇ? ಮೂಗಿನ ಹೊಳ್ಳೆ ಅರಳಿಸಿ ಎರಡನ್ನೂ ನಿಧಾನವಾಗಿ ಮೂಸಿದೆ.

"ನಿಮ್ಮ ಬಲಗೈದು ಕುಸುಬಿ. ಗಾಣದ್ದ ಐತಿ, ಅಂಗಡೀದಲ್ಲ. ಎಡಗೈದು ಕರಿ ಆಯಿಲ್. ಉಬ್ಬಳಿಕಿ ಬರಾಕ ಹತ್ತೇತಿ, ದೂರ ಹಿಡೀರಿ."

ಗುಂಪಿನಲ್ಲಿ ಒಬ್ಬ ಫಕ್ಕನೆ ನಕ್ಕ, ಅವನ ಹಿಂದೆ ಎಲ್ಲರೂ. ಕಣ್ಣು ಬಿಟ್ಟೆ. ಸಿದ್ದಲಿಂಗವ್ವನ ಮುಂದೆ ಒಬ್ಬ ಚಹಾದ ಬಸಿ ಹಿಡಿದು ನಿಂತಿದ್ದ. ಆಕೆಯ ಎರಡೂ ಬೆರಳಿನಿಂದ ಕೃಷ್ಣವ್ವನ ನೀರು ಚಹಾ ತೊಟ್ಟಿಕ್ಕುತ್ತಿತ್ತು.

ನಿಜಗುಣಪ್ಪ ನಗಲಿಲ್ಲ. ಚಾವಿ ಇನ್ನೂ ಅವನ ಕೈಯಲ್ಲಿತ್ತು.

"ಇವನ ಮೂಗಿನ ಮಾತ ಅತ್ತ ಇರ್ಲಿ" ಎಂದ. "ಆದ್ರ ಮಡಿವಾಳೆಪ್ಪ ಕದ್ದಿಲ್ಲ ಅಂತ ಏನ ಗ್ಯಾರಂಟಿ? ಬಸವಲಿಂಗಗ ನಾಳಿ ಬರಾಕ ಹೇಳೇನಿ."

ಮಡಿವಾಳೆಪ್ಪ ಕರಕಾದ ಬಟ್ಟೆಯನ್ನು ಕಾಲಿನಿಂದ ಮೂಲೆಗೆ ಸರಿಸುತ್ತಿದ್ದ. ನನ್ನ ಕಡೆ ನೋಡಲೂ ಇಲ್ಲ. ಇನ್ನೊಂದು ಸುಳ್ಳು ನನ್ನ ನಾಲಗೆಯ ತುದಿಯಲ್ಲಿ ಸಿದ್ಧವಾಗಿಯೇ ಇತ್ತು. ಒಳ್ಳೆಯ, ಬಲವಾದ ಸುಳ್ಳು. ಅದನ್ನು ನುಂಗಿದೆ. ಜೇಬಿನಿಂದ ಆ ಪ್ಯಾಕಿಂಗ್ ತೆಗೆದು ನಿಜಗುಣಪ್ಪನ ಮುಂದೆ ಹಿಡಿದೆ.

"ಸಾವ್ಕಾರ್ರ, ಇದ ನೋಡ್ರಿ. ನಿಮ್ಮ ಗಾಡೀದು. ಹೊಸಾದ ಇತ್ತು, ಏನೂ ಸೋರಿಲ್ಲ. ಕಡ್ಡಿ ತುಂಬ ಚಲೋ ಆಯಿಲ್ ಐತಿ, ನೀವ ಎಳದ ನೋಡ್ರಿ, ಬಣ್ಣಾ ನೋಡ್ರಿ. ಇಂವಾ ಕದ್ದಿಲ್ಲ. ಹಿರ್ಯಾರು ಹೇಳಿದ್ದ ಖರೇ ಐತಿ, ಸುಟ್ಟದ್ದ ಕುಸುಬಿ ಎಣ್ಣಿ."

"ಮತ್ತ ಲಾರಿ ಅಂದಿ? ಹತ್ತಿ ಅಂದಿ?"

"ಲಾರೀನೂ ಇಲ್ಲ, ಹತ್ತೀನೂ ಇಲ್ರಿ. ಹಿಂದೊಮ್ಮಿ ದೊಡ್ಡ ಜ್ವರ ಬಂದ ಬಿದ್ದಿದ್ದೆ, ಆವಾಗಿಂದ ನನಗ ಯಾವ ವಾಸ್ನಿನೂ ಬರೂದಿಲ್ರಿ. ಹೂವಿಂದೂ ಇಲ್ಲ, ಹೊಲಸಿಂದೂ ಇಲ್ಲ. ನೀವ ಹೇಳಿದ್ದನ್ನ ನಿಮಗ ತಿರುಗಿ ಹೇಳತಿದ್ದೆ. ಚಾವಿ ಅವಂಗ ಕೊಡ್ರಿ."